ಮಸಿ ಬಳಿಯುವ ಕೆಲಸ

ಗೆರೆ ಹಾಕಿದ ನೋಟ್‌ಬುಕ್ಕಿನಿಂದ ಹರಿದ ಹಾಳೆ,
ಅಂಚಿಗೆ ಎಣ್ಣೆ ಬೆರಳಿನ ಗುರುತು, ಒಳಗೆ ನಾಲ್ಕೇ ಸಾಲು:
"ನನ್ನ ಬಗ್ಗೆ ನೀವು ಏನೇನು ಬರೆದಿಟ್ಟಿದ್ದೀರೋ
ಅದಷ್ಟೂ ನನಗೆ ಬೇಕು.
ಕೇಳಿದರೆ ಕೊಡಬೇಕಂತೆ, ಕಾನೂನಿದೆಯಂತೆ.
ಜುಲ್ಮೀರಾ ಸೆರ್ದೈರಾ, ಪ್ಯಾಕಿಂಗ್, ಎರಡನೇ ಮೇಜು."

ಗಡುವು ಒಂದು ತಿಂಗಳು.
ಮಾಲೀಕ ಬೆಲ್ಶಿಯೋರ್ ಕನ್ನಡಕ ಹಣೆಗೇರಿಸಿ ನಕ್ಕರು:
"ಡಬ್ಬಿಗೆ ಸಾರ್ಡೀನು ಜೋಡಿಸುವವಳಿಗೆ
ಎಂಥಾ ಚರಿತ್ರೆಯಪ್ಪ, ಅದೆರೀತು?
ಕೊಟ್ಟುಬಿಡು. ಬೇರೆಯವರ ಹೆಸರಿಗೆ ಮಾತ್ರ ಮಸಿ ಬಳಿ,
ಅವರದೂ ಖಾಸಗಿಯೇ."

ಹುಡುಕಿದೆ. ಚರಿತ್ರೆ ಇತ್ತು.

ಹನ್ನೊಂದು ವರ್ಷದಲ್ಲಿ ಒಂಬತ್ತು ಸಲ ತಡ;
ಅದರಲ್ಲಿ ಆರು ಸಲ ಅವಳು ಬಾಗಿಲಲ್ಲೇ ಇದ್ದಳು,
ಉಪ್ಪುನೀರಿಗೆ ಸವೆದ ಬೆರಳನ್ನು
ಯಂತ್ರಕ್ಕೆ ಗುರುತು ಹತ್ತಿರಲಿಲ್ಲ.
ಶೌಚಕ್ಕೆ ಹೋದ ನಿಮಿಷಗಳು, ಏಳು, ಒಂಬತ್ತು, ಹದಿನಾಲ್ಕು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ ಯಾರದೋ ಕೈ: "ವಯಸ್ಸು?"
ವೈದ್ಯರ ಚೀಟಿ. ಕೆಲಸಕ್ಕೆ ಆದೀತು, ಆಗದು,
ಅಷ್ಟು ಮಾತ್ರ ನಮಗೆ ತಿಳಿಯಬೇಕಾದದ್ದು;
ಇದರಲ್ಲಿ ಕಾಯಿಲೆಯ ಹೆಸರೇ ಇತ್ತು,
ಸಂಬಳದ ಕಡತದಲ್ಲಿ, ಗುಂಡುಸೂಜಿ ಚುಚ್ಚಿ.

ತಿಂಗಳಾದರೆ ಅಳಿಸಬೇಕಿದ್ದ ಕ್ಯಾಮೆರಾ ಚಿತ್ರ
ಎರಡು ಚಳಿಗಾಲ ದಾಟಿ ಉಳಿದಿತ್ತು:
ಖಾಲಿ ಡಬ್ಬಿಗಳ ಅಟ್ಟಿಗೆ ಹಣೆಯೊತ್ತಿ
ನಾಲ್ಕು ನಿಮಿಷ ನಿಂತಿದ್ದಾಳೆ. ಅಷ್ಟೆ.
ಆಮೇಲೆ ಏಪ್ರನ್ ಕೊಡವಿ ಹೊರಟಳು.
ನಾನೇಕೆ ಅದನ್ನು ಮೂರು ಸಲ ನೋಡಿದೆ?

ನಲವತ್ತೊಂದನೆಯ ಹಾಳೆ ಒಂದು ಮಿಂಚಂಚೆ.
"ಬೆಳಿಗ್ಗೆ ಬಾಯಲ್ಲಿ ಬ್ರಾಂಡಿ ವಾಸನೆ ಇತ್ತು.
ಸೀಲು ಯಂತ್ರದ ಹತ್ತಿರ ಬೇಡ ಅನ್ನಿಸುತ್ತದೆ."
ಕೆಳಗೆ ಅದೆರೀತು.
ಕುಂಬಳಕಾಯಿ ಕಳ್ಳನ ಹಾಗೆ
ಹೆಗಲು ಮುಟ್ಟಿ ನೋಡಿಕೊಂಡೆ, ಕೋಣೆಯಲ್ಲಿ ಯಾರೂ ಇರಲಿಲ್ಲ.

ಅವಳನ್ನು ಮೇಜಿಗೆ ಇಳಿಸಿದರು.
ತಿಂಗಳಿಗೆ ಅರವತ್ತೆರಡು ಯೂರೋ ಕಡಿಮೆ.
ಅವಳನ್ನು ಒಂದು ಮಾತು ಕೇಳಿದವರಿಲ್ಲ.
ತಾಯಿಯ ಮಂಡಿಗೆ ರಾತ್ರಿಯೆಲ್ಲ ತಿಕ್ಕಿದ ಸ್ಪಿರಿಟ್ಟು ಅದು,
ಬಾಯಿಯದಲ್ಲ, ಅಂಗೈಯದು
ಎಂದು ಮರುವರ್ಷ ಕ್ಯಾಂಟೀನಿನಲ್ಲಿ ಕಿವಿಗೆ ಬಿತ್ತು.
ತಿದ್ದಲು ಎರಡು ಸಾಲು ಸಾಕಿತ್ತು.
ಸೂಪು ಆರುತ್ತಿತ್ತು. ಕುಡಿದೆ.

ಹೆಸರಿಗೆ ಮಸಿ ಬಳಿಯುವುದು!
ಅವತ್ತು ಅವಳದಕ್ಕೆ ಬಳಿದದ್ದು ಯಾರಿಗೂ ಕಾಣಲಿಲ್ಲ,
ಇವತ್ತು ನನ್ನದಕ್ಕೆ ಬಳಿಯಬೇಕು,
ಇದು ಕಾಪಾಡುವ ಮಸಿ,
ನಿಯಮದ ಪ್ರಕಾರ ನಾನೂ ಒಬ್ಬ ಬೇರೆಯವನು.

ಬಳಿದೆ. ಅಚ್ಚುಕಟ್ಟಾಗಿ, ಅಡ್ಡಪಟ್ಟಿ ಹಿಡಿದು.

ಆದರೆ ಬಳಿದರೆ ಸಾಲದು, ಲೆಕ್ಕದ ಎರ್ಮೆಲಿಂದಾ ಕಲಿಸಿದ್ದಳು:
ಬೆಳಕಿಗೆ ಹಿಡಿದರೆ ಮಸಿಯೊಳಗಿಂದ ಅಕ್ಷರ ಏಳುತ್ತದೆ.
ಬಳಿದದ್ದನ್ನು ಮತ್ತೆ ಜೆರಾಕ್ಸ್ ಮಾಡು,
ನಕಲನ್ನು ಕೊಡು, ಮೂಲವನ್ನು ಇಟ್ಟುಕೋ.
ಹಾಗೇ ಮಾಡಿದೆ, ಅರವತ್ತಮೂರು ಹಾಳೆಯಲ್ಲಿ
ಅರವತ್ತೆರಡಕ್ಕೆ.

ಇಪ್ಪತ್ತೆಂಟನೆಯ ದಿನ ಬಂದಳು, ಪಾಳಿ ಮುಗಿಸಿ,
ಬೂಟು ತೊಳೆದುಕೊಂಡು.
ಸಹಿಗೆ ಮುಂಚೆ ಉಗುಳು ಹಚ್ಚಿ ಹಾಳೆ ಎಣಿಸಿದಳು.
"ಇಷ್ಟೊಂದು ಕಪ್ಪು," ಎಂದಳು,
ಯಾರ ಮನೆಯಲ್ಲಿ ಸಾವು ಎಂಬಂತೆ.
ನಾನು ಸ್ಟೇಪ್ಲರು ಸರಿಸಿ ಇಟ್ಟೆ.

ಮತೋಸಿನ್ಯೋಸಿನ ಬಂದರಿಗೆ ಈ ಸಂಜೆ ಮಂಜು,
ಕ್ರೇನುಗಳ ತಲೆ ಕಾಣುತ್ತಿಲ್ಲ.
ಕಟ್ಟನ್ನು ಕೋಟಿನೊಳಗೆ ಅವಚಿಕೊಂಡು
ಟ್ರಾಮಿನ ಕಡೆ ನಡೆದಳು.

ರೇಡಿಯೋದವರು ಹೇಳುತ್ತಿದ್ದಾರೆ,
ನಾಳೆ ಬೆಳಿಗ್ಗೆಯಿಂದ ಬಿಸಿಲಂತೆ.